ಮುಚ್ಚಳವಿಲ್ಲದ ಕಂಪ್ಯೂಟರ್

ನಮ್ಮ ಮುರ್ಗಾ ತಂಡಕ್ಕೆ ಹಾಡು ಬರೆಯುವವನು ವಿಲ್ಮಾರ್ ಬೆಂತಂಕೋರ್. ಕಾರ್ನಿವಲ್ ಬಂತೆಂದರೆ ನಮ್ಮೂರು ಮೊಂತೆವಿದೇಯೊದ ಬಯಲು ವೇದಿಕೆಗಳಲ್ಲಿ, ಮುಖಕ್ಕೆ ಬಣ್ಣ ಬಳಿದುಕೊಂಡು, ಮಂತ್ರಿಗಳಿಂದ ಹಿಡಿದು ಮನೆಯವರ ತನಕ ಎಲ್ಲರನ್ನೂ ಹಾಡಿನಲ್ಲೇ ಗೇಲಿ ಮಾಡುವುದೇ ಮುರ್ಗಾ, ಅದೇ ನಮ್ಮ ಕೆಲಸ. ನಾನು ದೊಡ್ಡ ಡೋಲು ಬಾರಿಸುವವನು.

ವಿಲ್ಮಾರನ ಲ್ಯಾಪ್‌ಟಾಪಿಗೆ ನಾವಿಟ್ಟ ಹೆಸರು ‘ಬೀರು’. ಅಷ್ಟು ದಪ್ಪ, ಅಷ್ಟು ಭಾರ. ಅದರ ಫ್ಯಾನ್ ತಿರುಗತೊಡಗಿದರೆ ನಮ್ಮ ಹಾಡೇ ಕೇಳುತ್ತಿರಲಿಲ್ಲ. ತಾಲೀಮಿನಲ್ಲಿ ಅವನು ಮುಚ್ಚಳ ಎತ್ತಿ ಅದರ ಹಿಂದೆ ಕೂತರೆ ನೆತ್ತಿ ಮಾತ್ರ ಕಾಣುತ್ತಿತ್ತು. ಮನೆಯಲ್ಲೂ ಹಾಗೆಯೇ. ಹೆಂಡತಿ ನೇಲಿದಾ ಹತ್ತಿರ ಬಂದರೆ ಸಾಕು, ಮುಚ್ಚಳ ಟಪ್ಪೆಂದು ಬೀಳುತ್ತಿತ್ತು. ನಮ್ಮ ವೇಷಗಳನ್ನೆಲ್ಲ ಹೊಲಿಯುವವಳು ಅವಳು. ಆದರೂ ಹಾಡು ಅವಳ ಕಿವಿಗೆ ಬೀಳುತ್ತಿದ್ದುದು ಎಲ್ಲರ ಜೊತೆಗೆ, ವೇದಿಕೆಯಿಂದಲೇ.

ಒಂದು ಸಂಜೆ ಬಸ್ಸು ಗಕ್ಕನೆ ನಿಂತಿತು. ವಿಲ್ಮಾರನ ಒಂದು ಕಂಕುಳಲ್ಲಿ ಬೀರು, ಇನ್ನೊಂದರಲ್ಲಿ ನಾವು ದಿನವಿಡೀ ಹೀರುವ ‘ಮಾತೆ’ ಎಂಬ ಸೊಪ್ಪಿನ ಚಹಾಕ್ಕೆ ಬಿಸಿನೀರಿನ ಫ್ಲಾಸ್ಕು. ಎರಡೂ ಜಾರಿದವು. ಅವನು ಹಿಡಿದುಕೊಂಡದ್ದು ಫ್ಲಾಸ್ಕನ್ನು. ನಮ್ಮೂರಿನ ಯಾರೇ ಆದರೂ ಅದನ್ನೇ ಹಿಡಿಯುತ್ತಿದ್ದರು.

ಬೀರಿನ ಕೀಲು ಮುರಿಯಿತು. ಸತ್ತವರಿಗೆ ಅತ್ತ ಹಾಗೆ ಒಂದಷ್ಟು ದಿನ ಅತ್ತು, ಕೊನೆಗೆ ಅವನು ಟ್ಯಾಬ್ಲೆಟ್ ಕೊಂಡ. ತಾಲೀಮಿಗೆ ತಂದಾಗ ನಮ್ಮ ಹಾಡುಗಾರರ ಮುಂದಾಳು ಎದಿನ್ಸೋನ್ ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

“ಮೇಷ್ಟ್ರೇ, ಇದು ಕಂಪ್ಯೂಟರೋ, ಬ್ರೆಡ್ ಕುಯ್ಯೋ ಹಲಗೆಯೋ?”

“ಎಲ್ಲಾ ಕೆಲ್ಸ ಇದ್ರಲ್ಲೇ ಆಗತ್ತೆ ಕಣೋ. ಹಾಡು, ಪತ್ರ, ತಾಲೀಮಿನ ಟೈಮು.”

“ನಿಮ್ ಮುಖಾನೂ ಕಾಣತ್ತೆ. ಅದೊಂದು ತೊಂದ್ರೆ.”

ನಿಜವಾದ ತೊಂದರೆ ಬೇರೆಯೇ ಇತ್ತು. ಟ್ಯಾಬ್ಲೆಟ್ಟಿಗೆ ಟಪ್ಪೆಂದು ಮುಚ್ಚುವ ಮುಚ್ಚಳವಿರಲಿಲ್ಲ. ಅಡುಗೆಮನೆ ಮೇಜಿನ ಮೇಲೆ ಅದು ಅಂಗಾತ ಮಲಗಿರುತ್ತಿತ್ತು. ವಿಲ್ಮಾರ್ ನೀರು ಕಾಯಿಸಲು ಎದ್ದಿದ್ದಾಗ, ಪಕ್ಕದಲ್ಲಿ ಟೋಪಿಗೆ ಚಮಕಿ ಹೊಲಿಯುತ್ತಿದ್ದ ನೇಲಿದಾ ಸುಮ್ಮನೆ ಕಣ್ಣು ಹಾಯಿಸಿದಳು. ಅಲ್ಲಿ ಹೀಗಿತ್ತು:

ನನ್ನ ಹೆಂಡತಿ ಗೊರಕೆ ಹೊಡೆದರೆ ಬಂದರು ಗಡಗಡ ನಡುಗುತ್ತೆ,
ಹೊರಡೋ ಹೊತ್ತಾಯ್ತೆಂದುಕೊಂಡು ಹಡಗೇ ಹೊರಡುತ್ತೆ.

ಅವಳು ಬೆರಳಿಟ್ಟಳು, ಪರದೆ ಜಪ್ಪಯ್ಯ ಅನ್ನಲಿಲ್ಲ. ಹೊಲಿಗೆಯ ಬೆರಳುಟೋಪಿ ತೆಗೆದಿಟ್ಟು ಮತ್ತೆ ಒತ್ತಿದಳು. ನೀರು ಕಾಯುವಷ್ಟರಲ್ಲಿ ಅವಳ ಕೆಲಸ ಮುಗಿದಿತ್ತು.

ಮರುದಿನ ತಾಲೀಮಿನಲ್ಲಿ ಎದಿನ್ಸೋನ್ ಟ್ಯಾಬ್ಲೆಟ್ಟನ್ನು ಎದುರಿಗಿಟ್ಟುಕೊಂಡು ಸಾಲು ಹೇಳಿಕೊಡುತ್ತಿದ್ದ, ಉಳಿದವರು ಹಾಡುತ್ತಿದ್ದರು. ಗೊರಕೆಯ ಸಾಲಿಗೆ ಒಬ್ಬಿಬ್ಬರು ಮರ್ಯಾದೆಗೆ ನಕ್ಕರು. ಎದಿನ್ಸೋನ್ ಮುಂದುವರಿಸಿದ:

ಹಡಗಿಗೇ ನಾ ಹತ್ತಿಸಿಬಿಟ್ಟೆ ಗಂಡನ ಗಂಟು ಕಟ್ಟಿ,
ನಿದ್ದೇ ಬರ್ಲಿಲ್ಲಾಂತ ಬಂದ ಮತ್ತೆ ಬಾಗಿಲು ತಟ್ಟಿ.

ಹಾಡು ಅಲ್ಲೇ ನಿಂತಿತು. ತಾಳದವನು ತಾಳ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡ. ನಾನು ಡೋಲಿನ ಮೇಲೆಯೇ ಒರಗಿದೆ. ವಿಲ್ಮಾರನ ಮುಖ ಕೆಂಪೇರಿತು. ಮುಚ್ಚಿಕೊಳ್ಳಲು ಏನೂ ಇರಲಿಲ್ಲ.

“ಇದನ್ನ ನಾನು ಬರ್ದಿಲ್ಲ!”

“ಗೊತ್ತು ಬಿಡಿ ಮೇಷ್ಟ್ರೇ,” ಎಂದ ಎದಿನ್ಸೋನ್. “ಅದಕ್ಕೇ ನಗು ಬಂತು.”

ಆ ಮಾತು ವಿಲ್ಮಾರನಿಗೆ ನಾಟಿತು. ಮಾತೆಯನ್ನೂ ಕುಡಿಯದೆ ಎದ್ದು ಹೋದ. ಮುಂದಿನದನ್ನು ನೇಲಿದಾಳೇ ನನ್ನ ಹೆಂಡತಿಗೆ ಹೇಳಿದ್ದು. ಮನೆಗೆ ಬಂದವನು ಕೋಟು ಕೂಡ ಬಿಚ್ಚದೆ ನಿಂತಿದ್ದನಂತೆ.

“ನನ್ ಹಾಡಿಗೆ ಕೈ ಹಾಕಿದ್ಯಾಕೆ?”

“ನನ್ ಗೊರಕೆಗೆ ನೀನ್ ಕೈ ಹಾಕಿದ್ಯಲ್ಲ, ಅದಕ್ಕೆ.”

“ಅದು ತಮಾಷೆ ಕಣೇ.”

“ಇದೂ ತಮಾಷೇನೇ. ಆದ್ರೆ ಒಂದ್ ಮಾತು ನಿಜ ಹೇಳು. ನಾನು ಅಕ್ಕನ ಮನೇಗೆ ಪಾಯ್ಸಂದೂಗೆ ಹೋಗಿದ್ನಲ್ಲ, ಆಗ ನಿದ್ದೆ ಬಂತಾ ನಿಂಗೆ?”

ವಿಲ್ಮಾರ್ ಮಾತೆ ಕುಡಿಯುವ ಸೋರೆಬುರುಡೆಗೆ ಸೊಪ್ಪು ತುಂಬಿ, ನೀರು ಹೊಯ್ದು, ಮೊದಲ ಮಾತೆಯನ್ನು ಅವಳ ಕೈಗೇ ಕೊಟ್ಟ.

“ಇಲ್ಲ. ರೇಡಿಯೋ ಹಾಕ್ಕೊಂಡು ಮಲಗ್ತಿದ್ದೆ.”

“ಅಯ್ಯೋ, ರೇಡಿಯೋ ವಿಷ್ಯ ಮೊದ್ಲೇ ಗೊತ್ತಿದ್ರೆ ಅದನ್ನೂ ಸೇರಿಸ್ತಿದ್ನಲ್ಲೋ!”

ಅವನಿಗೂ ನಗು ತಡೆಯಲಾಗಲಿಲ್ಲ. ಅಂದೇ ಇಬ್ಬರೂ ಕೂತು ರೇಡಿಯೋಗೂ ಒಂದು ಚರಣ ಬರೆದರು.

ಫೆಬ್ರವರಿಯಲ್ಲಿ ಆ ಹಾಡು ಮುಗಿದಾಗ ಜನ ಕುರ್ಚಿಯ ಮೇಲೆ ನಿಂತು ಚಪ್ಪಾಳೆ ತಟ್ಟಿದರು. ಸಾಹಿತ್ಯ ಯಾರದ್ದೆಂದು ನಿರೂಪಕ ಎರಡು ಹೆಸರು ಓದಿದ. ನೇಲಿದಾಳ ಹೆಸರು ಮೊದಲು. ಹಾಗೆ ಬರೆದುಕೊಟ್ಟವನು ವಿಲ್ಮಾರನೇ ಎಂದು ನನಗೆ ಆಮೇಲೆ ತಿಳಿಯಿತು. ವೇದಿಕೆಯ ಪರದೆಯ ಪಕ್ಕದಲ್ಲಿ ಸೂಜಿ ಹಿಡಿದು ನಿಂತಿದ್ದ ನೇಲಿದಾ ಕಣ್ಣೊರೆಸಿಕೊಂಡು, ಗಂಡನ ಬೆನ್ನಿಗೊಂದು ಗುದ್ದಿದಳು.

ಈಗ ಬೆಳಗಾದರೆ ಟ್ಯಾಬ್ಲೆಟ್ ಅವಳ ಕೈಯಲ್ಲಿರುತ್ತದೆ. ಮೊನ್ನೆ ನಾನು ಅವರ ಮನೆಗೆ ಹೋದಾಗ ವಿಲ್ಮಾರ್ ಎದುರು ಕೂತು ಕಾಯುತ್ತಿದ್ದ.

“ಆಯ್ತೇನೇ?”

“ತಡ್ಕೋ, ಹಾಡಲ್ಲಿ ಈಗ ನಿನ್ ತಮ್ಮನ ಸರದಿ.”