ಸಲ್ಫೈಡಿನ ಬಾಲ

ನಾನು ಒಂದು ಕಂದು ಗಾಜಿನ ಬಾಟಲಿ. ಕಾರ್ಖಾನೆಯ ಬೆಂಕಿಯಲ್ಲಿ ಹುಟ್ಟಿದೆ. ಹೆಸರು ಬಂದದ್ದು ಹೊಟ್ಟೆಗೆ ವಿಷ ಬಿದ್ದ ಮೇಲೆ. ‘ಬೇರಿಯಂ ಸಲ್ಫೈಡ್’ ಎಂದು ಇಂಗ್ಲಿಷಿನಲ್ಲಿ ಚೀಟಿ ಅಂಟಿಸಿ ನನ್ನನ್ನು ಗದಗಿನ ಒಂದು ಕಾಲೇಜಿಗೆ ಕಳಿಸಿದರು. ಅಲ್ಲಿ ನನ್ನ ಪಕ್ಕ ಬೇರಿಯಂ ಸಲ್ಫೇಟ್ ಇತ್ತು. ನಮ್ಮಿಬ್ಬರ ಹೆಸರಿಗೂ ತಲೆ ಒಂದೇ, ಬಾಲ ಮಾತ್ರ ಬೇರೆ. ಅದನ್ನು ಕುಡಿದರೆ ಎಕ್ಸ್‌ರೇಯಲ್ಲಿ ಹೊಟ್ಟೆಯೊಳಗಿನದು ಕಾಣುತ್ತದೆ. ನನ್ನನ್ನು ಕುಡಿದರೆ ಕಣ್ಣೇ ಮುಚ್ಚುತ್ತದೆ.

ರಸಾಯನಶಾಸ್ತ್ರ ಕಲಿಸುತ್ತಿದ್ದ ಕಾಶೀಬಾಯಿ ಈ ಬಾಲದ ವಿಷಯದಲ್ಲಿ ಬಲು ಕಟ್ಟುನಿಟ್ಟು.

“ಇಂಗ್ಲಿಷಿನವರು ಮುಂದಿನ ಅಕ್ಷರ ಒತ್ತತಾರ, ಹಿಂದಿಂದು ನುಂಗತಾರ. ನಮ್ಮ ಕನ್ನಡದಾಗ ಎಲ್ಲಾ ಅಕ್ಷರಕ್ಕೂ ಒಂದ ಪಂಕ್ತಿ. ಬಾಲ ನುಂಗಬ್ಯಾಡ್ರಿ, ಜೀವ ಇರೂದು ಅಲ್ಲೆ,” ಎನ್ನುತ್ತಿದ್ದರು.

ಹುಡುಗರು ಬೆನ್ನ ಹಿಂದೆ ‘ಬಾಲದ ಬಾಯಾರು’ ಎಂದು ನಗುತ್ತಿದ್ದರು; ಬಾಯಾರು ಎಂದರೆ ನಮ್ಮ ಕಡೆ ಟೀಚರಮ್ಮ. ನನಗೆ ಮಾತ್ರ ಅವರ ಮೇಲೆ ತುಂಬ ಪ್ರೀತಿ. ನನ್ನ ಹೆಸರನ್ನು ಪೂರ್ತಿ ಕರೆಯುತ್ತಿದ್ದವರು ಅವರೊಬ್ಬರೇ.

ಒಂದು ವರ್ಷ ಅವರಿಗೆ ಹೊಟ್ಟೆನೋವು ಹತ್ತಿತು. ರಜೆ ಹಾಕಿ ಒಂದು ಸಣ್ಣ ಆಸ್ಪತ್ರೆ ಸೇರಿದರು. ಎಕ್ಸ್‌ರೇಗೆ ಬೇಕಾದ ಸಲ್ಫೇಟ್ ಅಲ್ಲಿ ಮುಗಿದಿತ್ತು. ಹೊಸ ಡಾಕ್ಟರು ಕಾಲೇಜಿಗೆ ಫೋನ್ ಮಾಡಿದರು. ಅವರದು ಕಾನ್ವೆಂಟ್ ಇಂಗ್ಲಿಷ್. ‘ಸಲ್’ ಜೋರಾಗಿ ಬಂತು, ಉಳಿದದ್ದು ಗಾಳಿಗೆ ಹೋಯಿತು. ಫೋನ್ ಎತ್ತಿದ ಜವಾನ ಫಕೀರಪ್ಪ ಕೇಳಿದಷ್ಟನ್ನು ಬಾಟಲಿಯ ಚೀಟಿಗೆ ಹೊಂದಿಸಿ, ಮೊದಲು ಕೈಗೆ ಸಿಕ್ಕ ನನ್ನನ್ನೇ ಒಯ್ದ. ತಡೆಯಬೇಕಾದ ಬಾಯಾರೇ ಅಲ್ಲಿ ಮಂಚದ ಮೇಲಿದ್ದರು. ನನಗೆ ಬಾಯಿದೆ, ಮಾತಿಲ್ಲ. ಅಂಥ ಸಂಕಟ ಬೆಂಕಿಯಲ್ಲೂ ಪಟ್ಟಿರಲಿಲ್ಲ.

ಡಾಕ್ಟರು ನನ್ನ ಮುಚ್ಚಳ ತೆಗೆದು ಚಮಚ ಹಾಕಿದರು.

“ಏನ್ ಕುಡಸ್ತೀರಿ?” ಕಾಶೀಬಾಯಿ ಕೇಳಿದರು.

“ಬೇರಿಯಂ ಸಲ್ಫ್…”

“ಪೂರ್ತಿ ಹೇಳ್ರಿ, ಸಾಹೇಬ್ರ. ಚೀಟಿ ನೋಡಿ ಹೇಳ್ರಿ.”

ಅವರು ಬೇಸರದಿಂದಲೇ ನನ್ನನ್ನು ತಿರುಗಿಸಿ ಓದಿದರು. “ಸಲ್… ಫೈಡ್.” ಚಮಚ ನೆಲಕ್ಕೆ ಬಿತ್ತು.

ಕಾಶೀಬಾಯಿ ಬೈಯಲಿಲ್ಲ. “ಈಗ ಬಾಲ ಬಂತ ನೋಡ್ರಿ,” ಎಂದು ಗೋಡೆಯ ಕಡೆ ಹೊರಳಿದರು.

ಮರುದಿನ ಸರಿಯಾದ ಪುಡಿ ಕುಡಿಸಿದರು. ಅದು ತೋರಿಸಿದ್ದು ಕ್ಯಾನ್ಸರ್. ಬೇಸಿಗೆ ಕಳೆಯುವುದರೊಳಗೆ ಅವರು ತೀರಿಕೊಂಡರು.

ಈಗ ನಾನು ಖಾಲಿ, ಮತ್ತೆ ಕಾಲೇಜಿನ ಕಪಾಟಿನ ಮೂಲೆಯಲ್ಲಿದ್ದೇನೆ. ಈ ಹೆಸರು ಹೊತ್ತವಳಿಗೆ ಉಪ್ಪಿನಕಾಯಿ ತುಂಬುವ ಧೈರ್ಯ ಯಾರಿಗಿದೆ? ಇರಲಿ. ನಾನು ಕಸಿಯಲಾರದೆ ಹೋದ ಆ ಕೆಲವು ತಿಂಗಳು ಅವರಿಗೆ ಏನು ಕೊಟ್ಟವು ಎಂದು ಯೋಚಿಸುತ್ತಿದ್ದೆ. ಧೂಳು ಒರೆಸುತ್ತ ಫಕೀರಪ್ಪನೇ ಒಮ್ಮೆ ಯಾರಿಗೋ ಹೇಳಿದ. ಕೊನೆಗಾಲದಲ್ಲಿ ಅವರ ಮಗಳ ಕೂಸು ಮೊದಲ ಸಲ ಮಾತಾಡಿತಂತೆ. ‘ಅಜ್ಜಿ’ ಎನ್ನಲು ಬಾರದೆ ‘ಅಜ್’ ಎಂದಿತಂತೆ. ಮಗಳು ತಿದ್ದಲು ಹೋದಳಂತೆ.

“ಬಿಡವಾ,” ಅಂದರಂತೆ ಕಾಶೀಬಾಯಿ, “ಅಷ್ಟ ಸಾಕು.”