ನೊಣಗಡ್ಡಿಯ ಕುತ್ತಿಗೆ

ಸಸ್ಯಶಾಸ್ತ್ರದ ಪ್ರೊಫೆಸರರ ಕಾಗದ ಬಂದಾಗ ಸಂಕ್ರಾಂತಿ ಕಳೆದಿತ್ತು. ನಾಲ್ಕೇ ಸಾಲು. ನಾನು ಕಳಿಸಿದ ಗಿಡಕ್ಕೆ ನೂರು ವರ್ಷದ ಹಿಂದೆಯೇ ಯಾರೋ ಹೆಸರಿಟ್ಟಾಗಿದೆಯಂತೆ. ಆದರೂ ನಮ್ಮ ಸೀಮೆಯಲ್ಲಿ ಅದು ಸಿಕ್ಕಿದ್ದು ಹೊಸ ಸಂಗತಿಯಂತೆ. ಆದಕಾರಣ ಬೆಳೆಯುವ ಜಾಗವನ್ನು ಇನ್ನೂ ಸ್ಪಷ್ಟವಾಗಿ ಬರೆದು ಕಳಿಸಬೇಕಂತೆ. ಓದಿ ನಗು ಬಂತು. ಜಾಗವನ್ನು ಈ ಬಾಯಿ ಒಮ್ಮೆ ಬಹಳ ಸ್ಪಷ್ಟವಾಗಿಯೇ ಹೇಳಿದೆ.

ನಾನು ಸುಧೀಂದ್ರ, ನಾರಾಯಣಪೇಟೆಯ ಜಂಗ್ಲಾತ್, ಎಂದರೆ ಅರಣ್ಯ, ಕಚೇರಿಯ ಗುಮಾಸ್ತ. ಕಟ್ಟಿಗೆಯ ಪರವಾನಗಿ ಬರೆಯುವುದು ಹೊಟ್ಟೆಪಾಡು, ಗಿಡ ಒಣಗಿಸಿ ಕಾಗದಕ್ಕೆ ಅಂಟಿಸುವುದು ಹುಚ್ಚು. "ಇವರಿಗೆ ತುಳಸಿ ಒಂದು ಬಿಟ್ಟು ಉಳಿದ ಎಲ್ಲಾ ಗಿಡ ಬೇಕ್ರಿ" ಎಂದು ಹೆಂಡತಿ ಜಯಾಬಾಯಿ ಬಂದವರೆದುರು ಆಡಿಕೊಳ್ಳುತ್ತಿದ್ದಳು. ಒಂದಾದರೂ ಗಿಡ ಲ್ಯಾಟಿನ್ ಭಾಷೆಯಲ್ಲಿ ನನ್ನ ಹೆಸರು ಹೊರಬೇಕು ಎಂಬ ಆಸೆ ನನಗೆ. ಎಂಥ ಆಸೆ, ಥೂ.

ಪ್ರೊಫೆಸರರಿಗೆ ಕಳಿಸಿದ ಆ ಗಿಡ ನೊಣಗಡ್ಡಿ. ಅದನ್ನು ನನಗೆ ತೋರಿಸಿದವನು ನಮ್ಮ ಕಚೇರಿಯ ಕಾಡುಗಾವಲಿನ ಇಮಾಮಸಾಬ. ಅವನಿಗೆ ತೋರಿಸಿದವರು ಧನ್ವಾಡದ ಕಡೆಯ ಕುರುಬರು. ಅಲ್ಲಿಯ ಕುರುಚಲು ಕಾಡಿನೊಳಗೆ ಒಂದು ಹಳ್ಳ, ಹಳ್ಳದ ದಂಡೆಯಲ್ಲಿ ಮಾತ್ರ ಈ ಬಳ್ಳಿ. ದಾರದಷ್ಟು ಸಣ್ಣ ಕಾಂಡ, ನೆಲದೊಳಗೆ ನಿಂಬೆಹಣ್ಣಿನಷ್ಟು ಗಡ್ಡೆ. ಹೂ ಬೆರಳುದ್ದ. ಬುಡದಲ್ಲಿ ಉಬ್ಬು, ಮೇಲೆ ಕೊಳವೆ, ತುದಿಯಲ್ಲಿ ಐದು ಎಸಳು ಒಂದಕ್ಕೊಂದು ಅಂಟಿ ಸಣ್ಣ ಪಂಜರ. ವಾಸನೆಗೆ ಸೋತು ನೊಣ ಒಳಗಿಳಿಯುತ್ತದೆ. ಕೊಳವೆಯ ಕೂದಲೆಲ್ಲ ಕೆಳಮುಖ, ಹತ್ತಿ ಬರಲಾಗದು. ಮರುದಿನ ಹೂ ಬಾಗಿ ಕೂದಲು ಬಾಡುತ್ತದೆ. ನೊಣ ಮೂತಿಗೆ ಪರಾಗ ಅಂಟಿಸಿಕೊಂಡು ಹೊರಬಂದು ಇನ್ನೊಂದು ಹೂವಿಗೆ ಹೋಗುತ್ತದೆ.

ಕುರುಬರು ಆ ಗಡ್ಡೆಯನ್ನು ಉಪ್ಪು ಹಾಕಿ ಬೇಯಿಸಿ ತಿನ್ನುತ್ತಾರೆ. ಕಿತ್ತವರು ಅದರ ಕುತ್ತಿಗೆಯನ್ನು, ಎಂದರೆ ಬಳ್ಳಿ ಹುಟ್ಟುವ ಮೇಲಿನ ತುಂಡನ್ನು, ಮುರಿದು ಅದೇ ಕುಣಿಯಲ್ಲಿಟ್ಟು ಮಣ್ಣೆಳೆದು ಹಿಮ್ಮಡಿಯಿಂದ ಒತ್ತಬೇಕು. ಮರುವರ್ಷ ಅಲ್ಲೇ ಚಿಗುರುತ್ತದೆ. ಒತ್ತದೆ ಬಂದವನ ಹಣೆಗೆ ತಮ್ಮ ದೇವರು ಬೀರಪ್ಪನ ಭಂಡಾರದ ಅರಿಶಿನ ಹಚ್ಚುವುದಿಲ್ಲ. ಇಮಾಮಸಾಬನೂ ತಪ್ಪದೆ ಒತ್ತುತ್ತಿದ್ದ. "ನನಗ್ಯಾರೂ ಭಂಡಾರ ಹಚ್ಚಂಗಿಲ್ರಿ ರಾಯರ, ಆದ್ರ ಅದು ಗಡ್ಡಿಗೆ ಗೊತ್ತಿಲ್ಲಲ್ರಿ" ಎಂದು ನಗುತ್ತಿದ್ದ.

ನಲವತ್ತೆಂಟರ ಸೆಪ್ಟೆಂಬರಿನಲ್ಲಿ ಹಿಂದೂಸ್ತಾನದ ಫೌಜು ಬಂತು. ಐದೇ ದಿನದಲ್ಲಿ ನಿಜಾಮರ ರಾಜ್ಯ ಮುಗಿಯಿತು. ಹಿಂದಿನ ಒಂದು ವರ್ಷ ನಿಜಾಮರ ಪರ ಬಂದೂಕು ಹಿಡಿದು ಊರೂರು ಸುಟ್ಟವರು ಎಲ್ಲಿ ಹೋದರೋ. ಸಿಟ್ಟು ತೀರಿಸಿಕೊಳ್ಳಲು ಹೊರಟವರ ಕೈಗೆ ಸಿಕ್ಕವರು ಬಡಪಾಯಿಗಳು. ನಿಜಾಮರ ಖಾಕಿ ತೊಟ್ಟ ಸಾಬ, ಅಷ್ಟು ಸಾಕಿತ್ತು. ಹೆಂಡತಿಯನ್ನು ಗದ್ವಾಲಿನ ತವರಿಗೆ ಕಳಿಸಿ ಇಮಾಮಸಾಬ ಕಾಣೆಯಾದ.

ಒಂದು ಮುಂಜಾನೆ ಕುರುಬರ ಆಶಮ್ಮ ಹಿತ್ತಿಲಿಗೆ ಬಂದಳು. ಕಾಡಿಗೆ ನುಗ್ಗಿದ ಅವಳ ಕುರಿಗಳನ್ನು ಇಮಾಮಸಾಬ ಒಮ್ಮೆಯೂ ಸರ್ಕಾರಿ ದೊಡ್ಡಿಗೆ ಹೊಡೆದವನಲ್ಲ.

"ಒಂದು ಸೇರು ಉಪ್ಪು ಕೊಡ್ರಿ ರಾಯರ."

"ಜ್ವಾಳ?"

"ಬ್ಯಾಡ್ರಿ, ಉಪ್ಪು ಸಾಕು."

ನಾನು ದನಿ ಇಳಿಸಿದೆ. "ಇಮಾಮಸಾಬ ಅದಾನೇನು?"

"ಜೀವದಿಂದ ಅದಾನ್ರಿ. ಎಲ್ಲೀಂತ ಕೇಳಬ್ಯಾಡ್ರಿ."

ಕೇಳಲಿಲ್ಲ. ಕೇಳದೆ ಇದ್ದದ್ದಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಹಸಿದವನಿಗೆ ಜೋಳ ಬೇಡ, ಉಪ್ಪೊಂದೇ ಸಾಕು ಎಂದರೆ ಏನರ್ಥ ಎಂದು ಯೋಚಿಸಲಿಲ್ಲ. ನಾರಾಯಣಪೇಟೆಯಲ್ಲಿ ಅದನ್ನು ತಿಳಿಯಬಲ್ಲವನು ನಾನೊಬ್ಬನೇ ಇದ್ದೆ.

ಮೂರನೆಯ ದಿನ ನರಸಿಂಹುಲು ಬಂದ. ದೊಡ್ಡ ಮನೆತನದ ಹುಡುಗ, ಹೈದರಾಬಾದಿನಲ್ಲಿ ಕಾಲೇಜು ಓದಿದವನು. ನನ್ನ ಒಣಗಿದ ಗಿಡಗಳನ್ನು ನೋಡಬೇಕೆಂದ. ಇಪ್ಪತ್ತು ವರ್ಷದಲ್ಲಿ ಹಾಗೆ ಕೇಳಿದವನು ಅವನೇ ಮೊದಲು. ನಾನು ಉಬ್ಬಿಹೋದೆ. ಜಯಾಬಾಯಿಯಿಂದ ಎರಡು ಸಲ ಕಾಫಿ ಮಾಡಿಸಿದೆ. ಹಾಳೆ ತಿರುವುತ್ತ ಅವನು ನೊಣಗಡ್ಡಿಯ ಬಳಿ ನಿಂತ. ತೋರಿಸಿದವನು ಇಮಾಮಸಾಬ ಎಂದು ಹಾಳೆಯ ಮೂಲೆಯಲ್ಲಿ ನಾನೇ ಬರೆದಿದ್ದೆ.

"ಇದು ತಿನ್ನೋ ಗಡ್ಡೇನ್ರಿ?"

"ಕುರುಬರು ತಿಂತಾರ."

"ಇದನ್ನs ತಿಂದು ಒಬ್ಬ ಮನಷ್ಯಾ ಎಷ್ಟು ದಿನ ಇರಬಹುದ್ರಿ?"

"ಹದಿನೈದು ದಿನ ಆರಾಮ ಇರಬಹುದು" ಎಂದೆ. ಪಂಡಿತನಲ್ಲವೇ ನಾನು! ಹೂವಿನ ಪಂಜರದ ಕಥೆಯನ್ನೂ ಹೇಳಿದೆ. ಅವನು ತಲೆಯೆತ್ತಿ ನೋಡಿದ.

"ಹಿಡಿದದ್ದನ್ನ ಬಿಟ್ಟು ಬಿಡತೈತೇನ್ರಿ?"

"ಮರುದಿನಾನೇ ಬಿಡತೈತಿ."

ಅವನು ನಕ್ಕ. ಎಲ್ಲಿ ಬೆಳೆಯುತ್ತದೆಂದು ಕೇಳಿದ. ಧನ್ವಾಡದಿಂದ ಎಷ್ಟು ದೂರ, ಯಾವ ಗುಂಡುಗಲ್ಲಿನ ಬಳಿ ಎಡಕ್ಕೆ ತಿರುಗಬೇಕು, ನೀರಿನ ಮಡು ಎಲ್ಲಿ, ಎಲ್ಲವನ್ನೂ ಹೇಳಿದೆ. ಹೇಳಿದ್ದಷ್ಟೇ ಅಲ್ಲ, ಕಾಗದದ ಮೇಲೆ ಗೆರೆ ಹಾಕಿ ತೋರಿಸಿದೆ.

ನಾಲ್ಕು ದಿನ ಬಿಟ್ಟು ಆಶಮ್ಮ ಮತ್ತೆ ಹಿತ್ತಿಲಲ್ಲಿ ನಿಂತಿದ್ದಳು.

"ಮೂರು ಮಂದಿ ಬಂದಿದ್ರಂತ್ರಿ. ಯಾರನ್ನೂ ದಾರಿ ಕೇಳಲಿಲ್ಲಂತ. ನೆಟ್ಟಗ ಹಳ್ಳಕ್ಕs ಹೋಗ್ಯಾರ. ಇಮಾಮಸಾಬನ್ನ ನಾವs ಮಣ್ಣು ಮಾಡಿದ್ವಿ."

ಯಾವ ಹಳ್ಳ ಎಂದು ನಾನು ಕೇಳಲಿಲ್ಲ. ಈಗ ಕೇಳುವ ಅಗತ್ಯವಿರಲಿಲ್ಲ. ಅವಳ ಜೊತೆಗೇ ಹೊರಟೆ. ದಾರಿಯಲ್ಲಿ ಎಲ್ಲವನ್ನೂ ಬಾಯಿಬಿಟ್ಟೆ. ಬೈದಾಳು, ಕಲ್ಲು ಬೀರಿಯಾಳು ಎಂದುಕೊಂಡಿದ್ದೆ. ಅವಳು ಮುಂದೆ ಮುಂದೆ ನಡೆದಳು. ಬೈದಿದ್ದರೆ ಒಳ್ಳೆಯದಿತ್ತು.

ಹಳ್ಳದ ದಂಡೆಯಲ್ಲಿ ಬಳ್ಳಿಗಳು ಇನ್ನೂ ಹೂ ಬಿಟ್ಟಿದ್ದವು. ನಡುವೆ ಇಪ್ಪತ್ತು ಮೂವತ್ತು ಕಡೆ ಮಣ್ಣು ಎಬ್ಬಿಸಿದ ಗುರುತು. ಒಂದೊಂದು ಕುಣಿಯನ್ನೂ ಮುಚ್ಚಿ ಹಿಮ್ಮಡಿಯಿಂದ ಒತ್ತಲಾಗಿತ್ತು. ಜೀವ ಉಳಿಸಿಕೊಳ್ಳಲು ಅವಿತವನು, ಹಸಿದವನು, ಒಂದು ಕುತ್ತಿಗೆಯನ್ನೂ ಬಿಡದೆ ಮಣ್ಣಿಗೆ ಒಪ್ಪಿಸಿದ್ದ.

ಮಡುವಿನ ಹತ್ತಿರದ ಕೊನೆಯ ಕುಣಿ ಮಾತ್ರ ಬಾಯಿ ತೆರೆದಿತ್ತು. ಪಕ್ಕದ ಬಂಡೆಯ ಮೇಲೆ ಮುರಿದಿಟ್ಟ ಕುತ್ತಿಗೆ ಬಿಸಿಲಿಗೆ ಸುಕ್ಕುಗಟ್ಟಿ ಕಡ್ಡಿಯಾಗಿತ್ತು. ಅದನ್ನು ಮಣ್ಣಿಗೆ ಇಡುವಷ್ಟು ಹೊತ್ತನ್ನೂ ಅವನಿಗೆ ಯಾರೂ ಕೊಟ್ಟಿರಲಿಲ್ಲ.

ನಾನು ಅದನ್ನೆತ್ತಿ ಕುಣಿಯಲ್ಲಿಟ್ಟೆ. ಎರಡೂ ಕೈಯಿಂದ ಮಣ್ಣೆಳೆದು, ಎದ್ದು ಹಿಮ್ಮಡಿಯಿಂದ ಒತ್ತಿದೆ, ಮತ್ತೆ ಮತ್ತೆ ಒತ್ತಿದೆ. ಆಶಮ್ಮ ನೋಡುತ್ತ ನಿಂತಿದ್ದಳು.

"ಅದು ಇನ್ನ ಚಿಗಿಯಂಗಿಲ್ರಿ ರಾಯರ" ಎಂದಳು. "ಗಿಡದ್ದೆಲ್ಲಾ ಬಲ್ಲವರು ನೀವು. ಇಷ್ಟು ಗೊತ್ತಿಲ್ಲೇನ್ರಿ?"