ತನ್ವಿಯ ತೋಳಿನ ಹುಳುಕಡ್ಡಿ

ನನ್ನ ಮಗಳು ತನ್ವಿಗೆ ಒಂಬತ್ತು ವರ್ಷ. ನಮ್ಮ ಮನೆ ತಿರುವನಂತಪುರದ ಶ್ರೀಕಾರ್ಯಂನಲ್ಲಿ, ನನಗೆ ಬ್ಯಾಂಕಿನಲ್ಲಿ ಕೆಲಸ. ಅವಳು ಕುಸ್ತಿ ಕಲಿಯುತ್ತೇನೆ ಎಂದಾಗ ಹೆಂಡತಿ ಸುಮಿತ್ರ ಹೆದರಿದಳು, ನಾನು ಹಿಗ್ಗಿ ಹೀರೇಕಾಯಿ ಆದೆ. ನಮ್ಮಪ್ಪ ದಾವಣಗೆರೆಯ ಗರಡಿಯಲ್ಲಿ ಮೈ ಬೆಳೆಸಿದವರು.

ಕುಸ್ತಿಗೆ ಸೇರಿಸಿದ ಮೂರನೇ ತಿಂಗಳಿಗೆ ಅವಳ ತೋಳಿನ ಮೇಲೆ ಉಂಗುರದಂಥ ಕೆಂಪು ಕಲೆ ಎದ್ದಿತು. ನಾವು ಕನ್ನಡದಲ್ಲಿ ಕೇಳಿದರೆ ಮಲಯಾಳಂನಲ್ಲಿ ಉತ್ತರಿಸುವ ಹುಡುಗಿ ಅವಳು. ‘ಚೊರಿಯುನ್ನು ಅಪ್ಪಾ’ ಎಂದು ಪರಪರ ಕೆರೆದುಕೊಳ್ಳುತ್ತಿದ್ದಳು. ಡಾಕ್ಟರಿಗೆ ತೋರಿಸೋಣ ಎಂದು ಸುಮಿತ್ರ ಹೇಳಿದಳು, ನಾನು ಕೇಳಲಿಲ್ಲ. ಗರಡಿಯ ಕೆಂಪು ಮಣ್ಣಿಗೆ ಅರಿಸಿನ, ಮಜ್ಜಿಗೆ, ಎಣ್ಣೆ ಬೆರೆಸಿರುತ್ತಾರೆ. ಮೈಗೆ ಅದಕ್ಕಿಂತ ದೊಡ್ಡ ಔಷಧಿ ಬೇಕಿಲ್ಲ ಎಂದು ಅಪ್ಪ ಹೇಳುತ್ತಿದ್ದರು. ಊರಿಂದ ತಂದಿಟ್ಟಿದ್ದ ಆ ಮಣ್ಣನ್ನೇ ಕಲೆಸಿ ದಿನಾ ಹಚ್ಚಿದೆ. ಡಾಕ್ಟರು ಮ್ಯಾಟ್ ಹತ್ತಬೇಡ ಎಂದುಬಿಟ್ಟರೆ ಅವಳ ಮೊದಲ ಜಿಲ್ಲಾ ಪಂದ್ಯ ತಪ್ಪುತ್ತದಲ್ಲ ಎಂಬ ದುರಾಸೆಯೂ ನನಗಿತ್ತು. ಅದಕ್ಕೇ ತುಂಬುತೋಳಿನ ಅಂಗಿ ಹಾಕಿಸಿ ಕಳಿಸುತ್ತಿದ್ದೆ.

ಪಂದ್ಯಕ್ಕೆ ಹತ್ತು ದಿನವಿದ್ದಾಗ ಕುಸ್ತಿ ಕಲಿಸುವ ವಿಲ್ಸನ್ ಮಾಸ್ಟರ್ ಆ ಕಲೆ ನೋಡಿಬಿಟ್ಟರು. ಅವಳನ್ನು ಮ್ಯಾಟಿನಿಂದ ಇಳಿಸಿ ನನಗೆ ಫೋನ್ ಮಾಡಿದರು. ನಾನು ರೇಗಾಡಿದೆ. ಇನ್ನು ಕುಸ್ತಿಯೇ ಬೇಡ ಎಂದು ಸುಮಿತ್ರ ಪಟ್ಟು ಹಿಡಿದಳು. ತನ್ವಿ ಊಟ ಬಿಟ್ಟು ಕೂತಳು.

ಆಗ ಬಂದವರು ಪಕ್ಕದ ಮನೆಯ ನಿರ್ಮಲಕ್ಕ. ಕಾಸರಗೋಡಿನವರು, ಇಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್.

“ಇದು ಹುಳುಕಡ್ಡಿ. ಮೈಗೆ ಮೈ ತಾಗಿದ್ರೆ ಹರಡ್ತದೆ, ಟವೆಲಿನಿಂದಲೂ ಹರಡ್ತದೆ. ಮಣ್ಣು ಹಚ್ಚಿದ್ರೆ ಹೋಗುದಿಲ್ಲ.”

“ಹಂಗಾದ್ರೆ ನಮ್ಮಪ್ಪ ಹೇಳಿದ್ದು ಸುಳ್ಳೇನಕ್ಕಾ?”

“ನಿಮ್ಮ ಅಪ್ಪ ಪೈಲ್ವಾನ್ರು ಮಾರಾಯ್ರೆ, ಡಾಕ್ಟರಲ್ಲ. ಇದಕ್ಕಾಗಿ ಕುಸ್ತಿ ಬಿಡಿಸುದೂ ಬೇಡ. ಡಾಕ್ಟರ್ ಹೇಳಿದಷ್ಟು ದಿನ ಮುಲಾಮು ಹಚ್ಚಿ, ಕಲೆ ಹೋಯ್ತು ಅಂತ ನಡುವೆ ನಿಲ್ಲಿಸ್ಬೇಡಿ. ಅವರು ಒಪ್ಪುವವರೆಗೆ ಮ್ಯಾಟಿಗೆ ಕಳಿಸ್ಬೇಡಿ. ಮತ್ತೆ, ಅವಳ ಜೊತೆ ಆಡುವ ಮಕ್ಕಳ ಮನೆಗೆ ಇವತ್ತೇ ತಿಳಿಸಿ.”

ಕೊನೆಯ ಮಾತು ನನಗೆ ನುಂಗಲಾರದ ತುತ್ತಾಯಿತು. ಅಭ್ಯಾಸದಲ್ಲಿ ತನ್ವಿಗೆ ಜೋಡಿ ಇಸ್ಮಾಯಿಲ್ ಅವರ ಮಗಳು. ಅವರ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತು ನಡೆದದ್ದೆಲ್ಲ ಹೇಳಿದೆ. ಇಸ್ಮಾಯಿಲ್ ಮಗಳನ್ನು ಕರೆದು, ಅವಳ ಕತ್ತಿನ ಹಿಂದಿನ ಕೂದಲು ಎತ್ತಿ ತೋರಿಸಿದರು. ಅಲ್ಲೂ ಅದೇ ಉಂಗುರ. ಪಂದ್ಯ ತಪ್ಪೀತೆಂದು ಅವರೂ ಎರಡು ವಾರದಿಂದ ಮುಚ್ಚಿಟ್ಟಿದ್ದರು. ಯಾರಿಂದ ಯಾರಿಗೆ ಬಂತೋ, ಈಗ ಹೇಳುವವರಿಲ್ಲ.

ಮಕ್ಕಳಿಬ್ಬರೂ ಆ ಪಂದ್ಯಕ್ಕೆ ಹೋಗಲಿಲ್ಲ. ತನ್ವಿ ಅತ್ತಳು, ನನಗೂ ಸಂಕಟವಾಯಿತು. ಐದು ವಾರದ ನಂತರ ಡಾಕ್ಟರು ಒಪ್ಪಿಗೆ ಕೊಟ್ಟ ದಿನ ಸುಮಿತ್ರಳೇ ಅವಳನ್ನು ಅಭ್ಯಾಸಕ್ಕೆ ಕರೆದೊಯ್ದಳು. ಮೊದಲ ಹಿಡಿತಕ್ಕೇ ತನ್ವಿ ಜೋಡಿಯ ಕೈಯಲ್ಲಿ ಚಿತ್ ಆದಳು, ಬಿದ್ದಲ್ಲೇ ನಗುತ್ತಿದ್ದಳು.

ಅಪ್ಪ ಅಮ್ಮಂದಿರೇ, ಮಕ್ಕಳನ್ನು ಕುಸ್ತಿಗೆ ಕಳಿಸಲು ಹೆದರಬೇಡಿ. ಅಭ್ಯಾಸ ಮುಗಿದ ಕೂಡಲೇ ಸೋಪು ಹಚ್ಚಿ ಸ್ನಾನ ಮಾಡಿಸಿ, ಬಟ್ಟೆ ದಿನಾ ಒಗೆಯಿರಿ, ಟವೆಲ್ ಬೇರೆ ಇಡಿ. ಮೈಮೇಲೆ ಕಲೆ ಕಂಡರೆ ಡಾಕ್ಟರಿಗೆ ತೋರಿಸಿ, ಮಾಸ್ಟರಿಗೂ ಹೇಳಿ. ನೀವು ಮುಚ್ಚಿಟ್ಟದ್ದು ಇನ್ನೊಂದು ಮಗುವಿನ ಮೈಮೇಲೆ ಏಳುತ್ತದೆ.